ಪಹಣಿಯಲ್ಲಿ ಇಲ್ಲದವರ ಬೇಸಾಯ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳು. ಆಡಿದ್ದನ್ನು ಆಡಿದಂತೆಯೇ ಬರೆದುಕೊಂಡಿದ್ದೇವೆ. ಅಂಕಿಗಳನ್ನು ಮಾತ್ರ ಇನ್ನೊಂದು ಸಲ ನೋಡಿ ಹಾಕಿದ್ದೇವೆ.)



ನೀವೆಲ್ಲ ಹಾಸ್ಟೆಲ್ಲಿಗೆ ಸೇರುವಾಗ ಒಂದು ಅರ್ಜಿ ತುಂಬಿದ್ದೀರಿ. ಅದರಲ್ಲಿ 'ತಂದೆಯ ಉದ್ಯೋಗ' ಅಂತ ಒಂದು ಕಲಂ ಇತ್ತು. ಅಲ್ಲಿ ಏನು ಬರೆದಿರಿ, ಸ್ವಲ್ಪ ನೆನಪು ಮಾಡಿಕೊಳ್ಳಿ.

ನಾವು ಹಾಸ್ಟೆಲ್ಲು ಸೇರಿದಾಗ ಒಂದೇ ಕೇರಿಯಿಂದ ಬಂದ ಮೂವರು ಮೂರು ಥರ ಬರೆಯೋದಕ್ಕೆ ಹೊರಟಿದ್ದೆವು. ಒಬ್ಬ 'ವ್ಯವಸಾಯ' ಅಂತ ಬರೆದ. ಅವರಪ್ಪನಿಗೆ ಗೋಮಾಳದಲ್ಲಿ ಮಂಜೂರಾದ ಒಂದು ಎಕರೆ ಕಲ್ಲು ಜಮೀನಿತ್ತು. ಇನ್ನೊಬ್ಬ 'ಕೂಲಿ' ಅಂತ ಬರೆದ. ಮೂರನೆಯವನು ಪೆನ್ನು ಕಚ್ಚುತ್ತಾ ಕೂತ. ಅವರಪ್ಪ ಊರ ಗೌಡರ ಎರಡು ಎಕರೆ ಹೊಲವನ್ನು ವಾರಕ್ಕೆ ಮಾಡ್ತಿದ್ದ. ಉಳೋದು ಅವನು, ಬಿತ್ತೋದು ಅವನು, ಗೊಬ್ಬರ ಹೊರೋದು ಅವನ ಹೆಂಡತಿ, ಕಳೆ ಕೀಳೋದು ಮನೆಮಂದಿಯೆಲ್ಲ. ಕಣದಲ್ಲಿ ಅರ್ಧ ರಾಶಿ ಗೌಡರ ಮನೆಗೆ. ಗುಮಾಸ್ತರು ಕೇಳಿದರು, "ಪಹಣಿ ಇದೆಯೇನಯ್ಯಾ?" "ಇಲ್ಲ ಸಾರ್." "ಹಾಗಾದ್ರೆ ಕೂಲಿ ಅಂತ ಬರಿ." ಬರೆದ.

ಆ ಗುಮಾಸ್ತರನ್ನು ನಾವು ದೂರೋದಿಲ್ಲ. ಅವರು ಕೇಳಿದ್ದು ಸರ್ಕಾರವೇ ಕೇಳೋ ಪ್ರಶ್ನೆ. ದೆಹಲಿಯಿಂದ ಹೋಬಳಿಯವರೆಗೆ ಬೇಸಾಯದ ಹೆಸರಲ್ಲಿ ಏನೇ ಕೊಡಬೇಕಾದರೂ ಮೊದಲು ಕೇಳೋದು ಇದನ್ನೇ. ಇವತ್ತು ನಾವು ಮಾತಾಡೋದು ಈ ಪ್ರಶ್ನೆಯ ಮೇಲೆ. ಸರ್ಕಾರ ಈ ದೇಶದ ಬೇಸಾಯವನ್ನು ಹೇಗೆ ಅಳೆಯುತ್ತೆ, ಅಳೆದು ಯಾರಿಗೆ ಕೊಡುತ್ತೆ, ಆ ಅಳತೆಯಲ್ಲಿ ನಮ್ಮಪ್ಪ ನಮ್ಮವ್ವ ಎಲ್ಲಿದ್ದಾರೆ. ಮುದ್ದೆ ಉಂಡು ಕೂತವರಿಗೆ ಲೆಕ್ಕದ ವಿಷಯ ಹೇಳಿದರೆ ನಿದ್ದೆ ಬರುತ್ತೆ ಅಂತ ಗೊತ್ತು. ಆದರೆ ಈ ಲೆಕ್ಕ ನಮ್ಮ ತಟ್ಟೆಯ ಮುದ್ದೆಯದ್ದೇ.

ಮೊದಲು ಒಂದು ಹೊಲಕ್ಕೆ ಹೋಗೋಣ. ರಾಗಿ ಕಟಾವಿನ ಕಾಲ. ಬೆಳೆ ಕಟಾವು ಪ್ರಯೋಗ ಅಂತ ಸರ್ಕಾರ ಒಂದು ಕೆಲಸ ಮಾಡುತ್ತೆ, ನೀವು ನೋಡಿರಬಹುದು. ಊರಿನ ಸರ್ವೆ ನಂಬರುಗಳಲ್ಲಿ ಯಾವ ಹೊಲ ಅನ್ನೋದನ್ನು ಅಧಿಕಾರಿ ತನ್ನಿಷ್ಟದಂತೆ ಆರಿಸೋ ಹಾಗಿಲ್ಲ, ಲಾಟರಿ ಎತ್ತಿದ ಹಾಗೆ ಅಂಕಿಗಳ ಪಟ್ಟಿಯಿಂದ ಬರುತ್ತೆ. ಹೊಲದೊಳಗೆ ಎಲ್ಲಿ ಕುಯ್ಯಬೇಕು ಅನ್ನೋದೂ ಹಾಗೇ. ಮೂಲೆಯಿಂದ ಇಷ್ಟು ಹೆಜ್ಜೆ ಹೀಗೆ, ಇಷ್ಟು ಹೆಜ್ಜೆ ಹಾಗೆ ಅಂತ ನಡೆದು ಗೂಟ ಹೊಡೀತಾರೆ. ರಾಗಿಯಂಥ ಬೆಳೆಗೆ ಸಾಮಾನ್ಯವಾಗಿ ಉದ್ದ 5 ಮೀಟರು, ಅಗಲ 5 ಮೀಟರು. ಹಗ್ಗ ಕಟ್ಟಿ ಅದರೊಳಗಿನ ಬೆಳೆಯನ್ನೆಲ್ಲ ಕುಯ್ದು, ಬಡಿದು, ತೂರಿ, ತೂಗ್ತಾರೆ. ಬಂದ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಇಳುವರಿ ಅಂತ ಗೊತ್ತಾಗುತ್ತೆ. ಇಂಥ ಸಾವಿರಾರು ತುಂಡುಗಳ ತೂಕ ಕೂಡಿಸಿಯೇ ರಾಜ್ಯದ ರಾಗಿ ಎಷ್ಟು, ದೇಶದ ಭತ್ತ ಎಷ್ಟು ಅಂತ ಹೇಳೋದು.

ನಾವು ಒಂದು ಸಲ ನಿಂತು ನೋಡಿದ್ದೇವೆ. ಅಧಿಕಾರಿ ಬದುವಿನ ಮೇಲೆ ನಿಂತಿದ್ದರು. ಹೊಲದ ಯಜಮಾನರು ಕೊಡೆ ಹಿಡಿದಿದ್ದರು. ಹಗ್ಗದೊಳಗೆ ಬಗ್ಗಿ ಕುಯ್ದವರು ನಮ್ಮ ಕೇರಿಯ ಇಬ್ಬರು ಹೆಣ್ಣುಮಕ್ಕಳು. ಬಡಿದವರು ಅವರೇ, ಮೊರದಲ್ಲಿ ತೂರಿದವರು ಅವರೇ. ತೂಕ ಆಯ್ತು, ನಮೂನೆಯಲ್ಲಿ ಬರೆದರು, ಫೋಟೋ ತೆಗೆದರು. ನಮೂನೆಯಲ್ಲಿ ಯಜಮಾನರ ಹೆಸರಿತ್ತು, ಸರ್ವೆ ನಂಬರಿತ್ತು, ತಳಿಯ ಹೆಸರಿತ್ತು, ಗೊಬ್ಬರ ಹಾಕಿದ್ದಿತ್ತು, ತೂಕ ಗ್ರಾಮಿನ ಲೆಕ್ಕದಲ್ಲಿತ್ತು. ಕುಯ್ದವರಿಗೊಂದು ಜಾಗ ಇರಲಿಲ್ಲ. ನಾವು ಅದನ್ನು ಹೇಳಿದ್ದಕ್ಕೆ ಆ ಅಕ್ಕ ನಕ್ಕುಬಿಟ್ಟಳು: "ನಮ್ಮ ಹೆಸರು ಬರ್ಕೊಂಡು ಏನ್ ಮಾಡಾರು ಬುಡಪ್ಪಾ, ಅವರು ತೂಗ್ತಿರೋದು ರಾಗೀನ."

ಅವಳ ಮಾತು ಪೂರ್ತಿ ನಿಜ. ಸರ್ಕಾರ ಶುರುವಿನಿಂದ ತೂಗಿರೋದು ರಾಗೀನೇ. ಇಂಗ್ಲಿಷರ ಕಾಲದಲ್ಲಿ ಕಂದಾಯಕ್ಕೋಸ್ಕರ ಬೆಳೆಯ ಅಂದಾಜು ಬೇಕಿತ್ತು. ಆಗ ತೂಕವೂ ಇರಲಿಲ್ಲ, ಆಣೆವಾರಿ. ಈ ವರ್ಷ ಬೆಳೆ ಎಂಟಾಣೆ, ಹನ್ನೆರಡಾಣೆ ಅಂತ ಊರಿನ ಲೆಕ್ಕಿಗರು ಕಣ್ಣಳತೆಯಲ್ಲಿ ಹೇಳೋದು, ಮೇಲಿನವರು ಅದನ್ನು ಕೂಡಿಸೋದು. ಬಂಗಾಳದಲ್ಲಿ ಮಹಾಲನೋಬಿಸ್, ಕೃಷಿ ಸಂಶೋಧನಾ ಪರಿಷತ್ತಿನಲ್ಲಿ ಪಾನ್ಸೆ ಮತ್ತು ಸುಖಾತ್ಮೆ, ಇವರೆಲ್ಲ 1930ರ ದಶಕದ ಕೊನೆಯಿಂದ 1940ರ ದಶಕದವರೆಗೆ ಕೆಲಸ ಮಾಡಿ ಈ ಕುಯ್ದು ತೂಗೋ ಪದ್ಧತಿಯನ್ನು ಗಟ್ಟಿ ಮಾಡಿದರು. ತುಂಡು ಚಿಕ್ಕದಿರಬೇಕೋ ದೊಡ್ಡದಿರಬೇಕೋ ಅಂತ ತಮ್ಮತಮ್ಮಲ್ಲೇ ಜಗಳವನ್ನೂ ಆಡಿದರು. ಅದು ದೊಡ್ಡ ವಿದ್ಯೆ. ನಾವು ಅದನ್ನು ಹಗುರ ಮಾಡಿ ಮಾತಾಡೋದಿಲ್ಲ. ಕಣ್ಣಳತೆಯ ಕಾಲದಲ್ಲಿ ಬರ ಬಂತೋ ಇಲ್ಲವೋ ಅಂತ ತೀರ್ಮಾನ ಮಾಡೋದು ಶಾನುಭೋಗರ ಕಣ್ಣು ಆಗಿತ್ತು. ಆ ಕಣ್ಣು ನಮ್ಮ ಕೇರಿಯ ಕಡೆ ತಿರುಗುತ್ತಿದ್ದುದೇ ಕಮ್ಮಿ.

ಆದರೆ ರಾಗಿ ತೂಗಿದರೆ ಸಾಕೇ? 1943ರಲ್ಲಿ ಬಂಗಾಳದಲ್ಲಿ ಬರಗಾಲ ಬಿದ್ದು ಲಕ್ಷಾಂತರ ಜನ ಸತ್ತರು. ಹೆಚ್ಚಾಗಿ ಸತ್ತವರು ಯಾರು? ಭೂಮಿಯಿಲ್ಲದ ಕೂಲಿಗಳು, ಬೆಸ್ತರು. ಅಮರ್ತ್ಯ ಸೇನ್ 1981ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇದನ್ನೇ ಬಿಡಿಸಿ ತೋರಿಸಿದರು. ಅಕ್ಕಿಯೇ ಇಲ್ಲದೆ ಸತ್ತರು ಅನ್ನೋದಕ್ಕಿಂತ, ಅಕ್ಕಿಯ ಬೆಲೆ ಏರಿತು, ಕೂಲಿ ಏರಲಿಲ್ಲ, ಅದಕ್ಕೇ ಸತ್ತರು. ಅಂದರೆ ದೇಶದಲ್ಲಿ ಎಷ್ಟು ಧಾನ್ಯ ಇದೆ ಅನ್ನೋ ಲೆಕ್ಕ ಒಂದು, ಕುಯ್ದವಳ ಮಡಿಲಿಗೆ ಎಷ್ಟು ಬಿತ್ತು ಅನ್ನೋ ಲೆಕ್ಕ ಇನ್ನೊಂದು. ಮೊದಲನೆಯದಕ್ಕೆ ವಿದ್ಯೆ ಇದೆ, ಇಲಾಖೆ ಇದೆ, ಹಗ್ಗ ಗೂಟ ಇದೆ. ಎರಡನೆಯದಕ್ಕೆ?

ಈಗ ಯಾರು ರೈತ ಅನ್ನೋ ಲೆಕ್ಕಕ್ಕೆ ಬರೋಣ. 1970-71ರಿಂದ ಐದೈದು ವರ್ಷಕ್ಕೊಮ್ಮೆ ಕೃಷಿ ಗಣತಿ ಅಂತ ನಡೀತಾ ಬಂದಿದೆ. 2015-16ರದ್ದು ಹತ್ತನೆಯದು, 2021-22ರದ್ದು ಹನ್ನೊಂದನೆಯದು. ಇದರ ಪುಸ್ತಕದಲ್ಲಿ ಹಿಡುವಳಿ ಅಂದರೇನು ಅಂತ ಬರೆದಿರೋದನ್ನು ಓದಿದರೆ ಆಶ್ಚರ್ಯ ಆಗುತ್ತೆ. ಜಮೀನಿನ ಹಕ್ಕು ಯಾರ ಹೆಸರಿನಲ್ಲಾದರೂ ಇರಲಿ, ಬೇಸಾಯ ನಡೆಸೋನು ಯಾರೋ ಅವನ ಲೆಕ್ಕಕ್ಕೆ ಅದು ಸೇರಬೇಕು ಅಂತ ಅದರ ಅರ್ಥ. ಎಷ್ಟು ನ್ಯಾಯವಾದ ಮಾತು! ನಮ್ಮ ಮೂರನೆಯ ಗೆಳೆಯನ ಅಪ್ಪ ಆ ವ್ಯಾಖ್ಯೆಯಲ್ಲಿ ಸರಿಯಾಗಿ ಕೂರ್ತಾನೆ. ಆದರೆ ನಮ್ಮಂಥ ರಾಜ್ಯಗಳಲ್ಲಿ, ಅಂದರೆ ಊರೂರಿಗೆ ಭೂದಾಖಲೆ ಇರೋ ಕಡೆ, ಈ ಗಣತಿಯವರು ಹಿಡುವಳಿದಾರರ ಪಟ್ಟಿ ಮಾಡೋದು ಆ ದಾಖಲೆಯಿಂದಲೇ. ಪುಸ್ತಕದಲ್ಲಿ 'ಉಳುವವನು' ಅಂತಿದೆ, ಎಣಿಸೋವಾಗ ಪಹಣಿ. ಇನ್ನು ಪೂರ್ತಿ ಕೂಲಿಯ ಮೇಲೇ ಬದುಕೋನಿಗೆ ಈ ಗಣತಿಯಲ್ಲಿ ಜಾಗವೇ ಇಲ್ಲ, ಯಾಕೆಂದರೆ ಅವನಿಗೆ ಹಿಡುವಳಿಯೇ ಇಲ್ಲ.

ಪಹಣಿಯಲ್ಲೇ ಎಣಿಸಿದರೂ ನಮ್ಮ ಸ್ಥಿತಿ ಏನು ಅಂತ ಕಾಣುತ್ತೆ. 2011ರ ಜನಗಣತಿಯಲ್ಲಿ ಪರಿಶಿಷ್ಟ ಜಾತಿಯವರು ದೇಶದ ಜನರಲ್ಲಿ ನೂರಕ್ಕೆ 16.6. 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿಗಳಲ್ಲಿ ನಮ್ಮವು ನೂರಕ್ಕೆ ಸುಮಾರು 12. ಆ ಹಿಡುವಳಿಗಳ ವಿಸ್ತೀರ್ಣ ನೋಡಿದರೆ ನೂರಕ್ಕೆ ಸುಮಾರು 9. ಜನ 17, ಹಿಡುವಳಿ 12, ನೆಲ 9. ಈ ಮೂರು ಅಂಕಿಗಳನ್ನು ನೋಟ್ ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆ 9ರಲ್ಲಿ ಸುಡುಗಾಡಿನ ಪಕ್ಕದ್ದೆಷ್ಟು, ಕೆರೆಯ ಮೇಲ್ಗಡೆ ನೀರೇ ಹತ್ತದ್ದೆಷ್ಟು, ದಾಖಲೆಯಲ್ಲಿ ನಮ್ಮದಾಗಿದ್ದು ಬೇರೆಯವರು ಉಳ್ತಾ ಇರೋದೆಷ್ಟು, ಅದನ್ನು ಯಾವ ಗಣತಿಯೂ ಹೇಳಲ್ಲ. ಮಂಜೂರಾದ ಜಮೀನು ಪರಭಾರೆ ಆಗಬಾರದು ಅಂತ 1978ರಲ್ಲಿ ನಮ್ಮ ರಾಜ್ಯದಲ್ಲಿ ಕಾಯ್ದೆಯೇ ಮಾಡಬೇಕಾಗಿ ಬಂತು ಅಂದಮೇಲೆ ಎಷ್ಟು ಕೈ ಬಿಟ್ಟು ಹೋಗಿರಬೇಕು, ನೀವೇ ಯೋಚನೆ ಮಾಡಿ.

ಜನಗಣತಿ ಬೇರೆ ಥರ ಕೇಳುತ್ತೆ. ಅದು ಮನೆಗೆ ಬಂದು, ನಿನ್ನ ಕೆಲಸ ಏನು ಅಂತ ಕೇಳುತ್ತೆ. 2001ರಲ್ಲಿ ದೇಶದಲ್ಲಿ ಸಾಗುವಳಿದಾರರು 12.73 ಕೋಟಿ, ಕೃಷಿ ಕೂಲಿಗಳು 10.68 ಕೋಟಿ. 2011ಕ್ಕೆ ಬರುವಾಗ ಸಾಗುವಳಿದಾರರು 11.88 ಕೋಟಿಗೆ ಇಳಿದರು, ಕೂಲಿಗಳು 14.43 ಕೋಟಿಗೆ ಏರಿದರು. ಬೇಸಾಯ ಮಾಡಿಸೋರಿಗಿಂತ ಬೇಸಾಯಕ್ಕೆ ಕೂಲಿ ಹೋಗೋರೇ ಹೆಚ್ಚು ಆದರು. ಪರಿಶಿಷ್ಟ ಜಾತಿಯ ದುಡಿಯೋ ಜನರನ್ನು ಮಾತ್ರ ತೆಗೆದುಕೊಂಡರೆ ನೂರರಲ್ಲಿ ಸುಮಾರು 46 ಜನ ಕೃಷಿ ಕೂಲಿ, ಸಾಗುವಳಿದಾರರು ಸುಮಾರು 15. ಈ ದೇಶದಲ್ಲಿ 'ರೈತ' ಅಂದ ಕೂಡಲೇ ಹೆಗಲ ಮೇಲೆ ಟವೆಲ್ಲು ಹಾಕಿದ ಗಂಡಸಿನ ಚಿತ್ರ ಬರುತ್ತಲ್ಲ, ಅಂಕಿಗಳ ಪ್ರಕಾರ ಬರಬೇಕಾದ ಚಿತ್ರ ಬೇರೆ.

ಇಲ್ಲಿ ಒಂದು ಪ್ರಶ್ನೆ ಬರುತ್ತೆ. ವಾರಕ್ಕೆ ಮಾಡೋನ ಹೆಸರು ಪಹಣಿಯಲ್ಲಿ ಯಾಕೆ ಬರಲ್ಲ? ಪಹಣಿಯಲ್ಲಿ ಅದಕ್ಕೆ ಜಾಗ ಇಲ್ಲ ಅಂತಲ್ಲ, ಇದೆ. ಕಲಂ 9ರಲ್ಲಿ ಹಕ್ಕುದಾರನ ಹೆಸರು. ಕಲಂ 12ರಲ್ಲಿ ಸಾಗುವಳಿ ಮಾಡೋನ ಹೆಸರು, ಬೆಳೆಯ ಹೆಸರು. ಆದರೆ ಅಲ್ಲಿ 'ಸ್ವಂತ' ಅಂತಲೇ ಇರುತ್ತೆ. ಯಾಕೆ ಅಂತ ತಿಳಿಯೋದಕ್ಕೆ 1974ಕ್ಕೆ ಹೋಗಬೇಕು.

1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿ, ನ್ಯಾಯಮಂಡಳಿಯ ಮುಂದೆ ರುಜುವಾತು ಮಾಡಿದರೆ ಭೂಮಿ ಅವನದು. ಉಳುವವನೇ ಹೊಲದೊಡೆಯ ಅಂದರು. ದೊಡ್ಡ ಕೆಲಸ, ಇಂಡಿಯಾದಲ್ಲಿ ಎಷ್ಟೋ ರಾಜ್ಯಗಳು ಮಾಡದೇ ಇದ್ದದ್ದು. ಎಷ್ಟೋ ಸಂಸಾರಗಳು ತಲೆ ಎತ್ತಿದವು. ಆದರೆ ಭೂಮಿ ಸಿಕ್ಕಿದ್ದು ಗೇಣಿದಾರ ಅಂತ ತೋರಿಸೋಕೆ ಆದವನಿಗೆ. ಜೀತಕ್ಕಿದ್ದವನು ಗೇಣಿದಾರ ಅಲ್ಲ. ಕೂಲಿಯವಳು ಗೇಣಿದಾರಳಲ್ಲ. ಅವರು ಉಳುವವರೇ, ಆದರೆ ಹೊಲದೊಡೆಯರಾಗೋಕೆ ಕಾಗದ ಬೇಕಿತ್ತು. ಅವರ ಬೆನ್ನ ಮೇಲೆ ಬರೆ ಇತ್ತು, ಕೈಯಲ್ಲಿ ರಸೀದಿ ಇರಲಿಲ್ಲ.

ಅದೇ ಕಾಯ್ದೆ ಇನ್ನು ಮುಂದೆ ಗೇಣಿಗೆ ಕೊಡೋದನ್ನೂ ನಿಷೇಧ ಮಾಡಿತು. ಸೈನಿಕರು, ನಾವಿಕರು ಅಂತ ಕೆಲವರಿಗೆ ಬಿಟ್ಟರೆ ಯಾರೂ ಕೊಡೋ ಹಾಗಿಲ್ಲ. ಕಾನೂನಿನಲ್ಲಿ ಗೇಣಿ ಇಲ್ಲ. ಊರಿನಲ್ಲಿ ಇದೆ. ಒಡೆಯ ಪೇಟೆ ಸೇರಿದ್ದಾನೆ, ಹೊಲ ವಾರಕ್ಕೋ ಗುತ್ತಿಗೆಗೋ ಕೊಟ್ಟಿದ್ದಾನೆ, ಬಾಯಿ ಮಾತಿನಲ್ಲಿ. ಕಾಗದದಲ್ಲಿ ಬರೆದರೆ ಅಪರಾಧ, ಬರೆಯದಿದ್ದರೆ ಉಳೋನು ಇಲ್ಲವೇ ಇಲ್ಲ. 2020ರಲ್ಲಿ ಸರ್ಕಾರ ಅದೇ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದು ದುಡ್ಡಿರೋ ಯಾರು ಬೇಕಾದರೂ ಬೇಸಾಯದ ಭೂಮಿ ಕೊಳ್ಳಬಹುದು ಅಂತ ಮಾಡಿತು. ಕೊಳ್ಳೋನಿಗೆ ಬಾಗಿಲು ತೆರೆಯಿತು. ವಾರಕ್ಕೆ ಉಳೋನಿಗೆ ಒಂದು ಚೀಟಿಯೂ ಬರಲಿಲ್ಲ.

ಇನ್ನು ಕೊಡೋ ವಿಷಯ. 2019ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಕಿಸಾನ್ ಶುರು ಮಾಡಿತು. ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ಮೂರು ಕಂತು, ನೇರ ಬ್ಯಾಂಕಿಗೆ. ಮೊದಲು ಎರಡು ಹೆಕ್ಟೇರಿನ ಒಳಗಿನವರಿಗೆ ಮಾತ್ರ ಅಂದರು. ಅದೇ ವರ್ಷ ಆ ಮಿತಿ ತೆಗೆದು, ತೆರಿಗೆ ಕಟ್ಟೋರು, ದೊಡ್ಡ ಹುದ್ದೆಯವರು ಅಂತ ಕೆಲವರನ್ನು ಬಿಟ್ಟು, ಭೂಮಿ ಇರೋ ಎಲ್ಲರಿಗೂ ಅಂದರು. ಮೇಲ್ಗಡೆಗೆ ಹಿಗ್ಗಿತು, ಕೆಳಗಡೆಗೆ ಹಿಗ್ಗಲಿಲ್ಲ. ಹೆಸರಿನಲ್ಲಿ ಭೂಮಿ ಇರಬೇಕು. ವಾರದವನು, ಕೂಲಿಯವಳು ಇಲ್ಲ. ತಮಾಷೆ ಅಂದರೆ 2007ರಲ್ಲಿ ಇದೇ ಕೇಂದ್ರ ಸರ್ಕಾರ, ಸ್ವಾಮಿನಾಥನ್ ಆಯೋಗದ ವರದಿಯ ಮೇಲೆ, ರೈತರ ರಾಷ್ಟ್ರೀಯ ನೀತಿ ಅಂತ ಹೊರಡಿಸಿತ್ತು. ಅದರಲ್ಲಿ ರೈತ ಅಂದರೆ ಕೃಷಿ ಕೂಲಿಯೂ ಸೇರಿದ, ಗೇಣಿದಾರನೂ ಸೇರಿದ, ಪಾಲಿಗೆ ಮಾಡೋನೂ ಸೇರಿದ. ದುಡ್ಡಿಲ್ಲದ ಕಾಗದದಲ್ಲಿ ನಾವೆಲ್ಲ ರೈತರು. ದುಡ್ಡು ಬಂದ ಕಾಗದದಲ್ಲಿ ಅಲ್ಲ.

ಸಣ್ಣ ರೈತನಿಗೆ ಕೊಡಬೇಡಿ ಅಂತ ನಾವು ಹೇಳ್ತಿಲ್ಲ, ತಪ್ಪು ತಿಳೀಬೇಡಿ. ತಿಂಗಳಿಗೆ 500 ರೂಪಾಯಿ ದೊಡ್ಡ ಹಣವಲ್ಲ. ದೇಶದ ಹಿಡುವಳಿಗಳಲ್ಲಿ ನೂರಕ್ಕೆ 86 ಎರಡು ಹೆಕ್ಟೇರಿಗಿಂತ ಕಮ್ಮಿ, ಅವರ ಹತ್ತಿರ ಇರೋದು ನೂರಕ್ಕೆ 47 ಪಾಲು ನೆಲ. ಅವನೂ ಸಾಲದಲ್ಲೇ ಇದ್ದಾನೆ. ನಾವು ಕೇಳೋದು ಇಷ್ಟೇ: ಅದೇ ಹೊಲದಲ್ಲಿ ಬೆವರು ಹರಿಸಿದ ಇನ್ನೊಬ್ಬ ಯಾಕೆ ಲೆಕ್ಕದಲ್ಲಿಲ್ಲ? ಆಗಲ್ಲ ಅನ್ನೋ ಮಾತೂ ಸುಳ್ಳು. ಅದೇ ಹೊತ್ತಿನಲ್ಲಿ ಒಡಿಶಾ ಸರ್ಕಾರ ಕಾಲಿಯಾ ಅಂತ ಯೋಜನೆ ಮಾಡಿ, ಪಾಲಿಗೆ ಮಾಡೋರನ್ನೂ ಭೂಮಿಯಿಲ್ಲದ ಕೃಷಿ ಕುಟುಂಬಗಳನ್ನೂ ಅದರೊಳಗೆ ತಂದಿತು. ಆಂಧ್ರದಲ್ಲಿ 2011ರಲ್ಲೊಂದು, 2019ರಲ್ಲೊಂದು ಕಾಯ್ದೆ ಮಾಡಿ, ಒಡೆಯನ ಹಕ್ಕಿಗೆ ಏನೂ ಆಗದಂತೆ, ಉಳೋನಿಗೆ ಒಂದು ಗುರುತಿನ ಚೀಟಿ ಕೊಡೋ ದಾರಿ ಹುಡುಕಿದರು. ಅಲ್ಲಿ ಎಲ್ಲ ಸರಿಯಾಯ್ತು ಅಂತಲ್ಲ. ಕಾಗದ ಮಾಡೋಕೆ ಮನಸ್ಸಿದ್ದರೆ ಆಗುತ್ತೆ ಅನ್ನೋದಕ್ಕೆ ಹೇಳಿದೆವು.

ಬೆಂಬಲ ಬೆಲೆ ತೆಗೆದುಕೊಳ್ಳಿ. 2025-26ಕ್ಕೆ ರಾಗಿ ಕ್ವಿಂಟಲ್‌ಗೆ 4,886 ರೂಪಾಯಿ ಅಂತ ಸರ್ಕಾರ ಗೊತ್ತುಮಾಡಿತು. ಖರೀದಿ ಕೇಂದ್ರಕ್ಕೆ ಹೋದರೆ ಫ್ರೂಟ್ಸ್ ಐಡಿ ಕೇಳ್ತಾರೆ. ಅದು ಹುಟ್ಟೋದು ಪಹಣಿಯಿಂದ. ವಾರದವನು ತನ್ನ ಪಾಲಿನ ರಾಗಿಯನ್ನು ಒಡೆಯನ ಹೆಸರಿನಲ್ಲಿ ಹಾಕಿ, ಒಡೆಯನ ಖಾತೆಗೆ ದುಡ್ಡು ಬಂದಮೇಲೆ ಅವನ ಬಾಗಿಲಲ್ಲಿ ನಿಂತು ಇಸ್ಕೋಬೇಕು. ಇಲ್ಲದಿದ್ದರೆ ಕಣದಲ್ಲೇ ದಲ್ಲಾಳಿ ಹೇಳಿದ ರೇಟಿಗೆ ಕೊಡಬೇಕು. ಯೂರಿಯಾಕ್ಕೆ ಸಬ್ಸಿಡಿ ಇದೆ, ಎಷ್ಟು ಮೂಟೆ ಎತ್ತುತ್ತೀಯೋ ಅಷ್ಟು ಸಬ್ಸಿಡಿ. ಹತ್ತು ಎಚ್‌ಪಿ ಒಳಗಿನ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ಕರೆಂಟು ಪುಕ್ಕಟೆ, ಬಹಳಷ್ಟು ಕಡೆ ಮೀಟರೇ ಇಲ್ಲ. ಎಷ್ಟು ಯೂನಿಟ್ಟು ಉರಿಯಿತು ಅಂತ ಅಂದಾಜಿನ ಮೇಲೆ ಲೆಕ್ಕ. ನೋಡಿ, ಉಳ್ಳವನಿಗೆ ಹೋಗೋ ಜಾಗದಲ್ಲಿ ಸರ್ಕಾರಕ್ಕೆ ಅಂದಾಜು ಸಾಕು.

ಬೆಳೆ ವಿಮೆಯ ಕಥೆ ನಾವು ಕಣ್ಣಾರೆ ಕಂಡದ್ದು. 2016ರ ಮುಂಗಾರಿನಿಂದ ಫಸಲ್ ಬಿಮಾ ಬಂತು. ಮೊದಲು ಹೇಳಿದೆವಲ್ಲ, ಹಗ್ಗ ಕಟ್ಟಿ ಕುಯ್ದು ತೂಗೋದು, ಆ ತೂಕವೇ ಇಲ್ಲಿ ತೀರ್ಪು. ಪಂಚಾಯಿತಿಯಲ್ಲಿ ಇಂಥ ನಾಲ್ಕಾರು ತುಂಡು ತೂಗಿ, ಸರಾಸರಿ ಹಿಂದಿನ ವರ್ಷಗಳ ಲೆಕ್ಕಕ್ಕಿಂತ ಕೆಳಗಿದ್ದರೆ ವಿಮೆ ಮಾಡಿಸಿದ ಎಲ್ಲರಿಗೂ ಪರಿಹಾರ. ನಮಗೆ ಗೊತ್ತಿರೋ ಒಂದು ಊರಲ್ಲಿ ಮಳೆ ಕೈಕೊಟ್ಟು ಬೆಳೆ ಹೋಯ್ತು. ಪರಿಹಾರ ಬಂತು, ಪಹಣಿಯವನ ಖಾತೆಗೆ. ಬೀಜ ಗೊಬ್ಬರಕ್ಕೆ ಸಾಲ ಮಾಡಿದ್ದವನು ವಾರದವನು. ಒಡೆಯನನ್ನು ಕೇಳಿದ: "ಬುದ್ಧೀ, ಅರ್ಧನಾದ್ರೂ..." "ವಿಮೆ ಕಂತು ಕಟ್ಟಿದ್ದು ನಾನಲ್ವೇನಯ್ಯಾ" ಅಂದರು. ವಿಮೆಯ ನಿಯಮದಲ್ಲಿ ಪಾಲಿಗೆ ಮಾಡೋನೂ ಸೇರಬಹುದು ಅಂತಿದೆ. ಆದರೆ ಕರಾರು ಪತ್ರ ಬೇಕು. ಕರಾರು ಮಾಡಿಕೊಳ್ಳೋದು ಈ ರಾಜ್ಯದಲ್ಲಿ ನಿಷೇಧ. ಒಂದು ಕಾನೂನು ಬಾ ಅನ್ನುತ್ತೆ, ಇನ್ನೊಂದು ಹೊಸ್ತಿಲಲ್ಲೇ ತಡೆಯುತ್ತೆ.

ಹಾಗಾದರೆ ಸರ್ಕಾರ ಕೂಲಿಯವರನ್ನು ಎಣಿಸಿಯೇ ಇಲ್ಲವೇ? ಎಣಿಸಿತ್ತು. 1950-51ರಲ್ಲಿ ಕೃಷಿ ಕಾರ್ಮಿಕರ ಮೇಲೇ ದೇಶವ್ಯಾಪಿ ವಿಚಾರಣೆ ಮಾಡಿದರು. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಬೇಸಾಯವೂ ಸೇರಿತ್ತು, ಕೂಲಿ ನಿಗದಿ ಮಾಡಬೇಕಾದರೆ ಲೆಕ್ಕ ಬೇಕಲ್ಲ. 1956-57ರಲ್ಲಿ ಎರಡನೆಯದು ನಡೆಯಿತು. ಆಮೇಲೆ ಇದು ಗ್ರಾಮೀಣ ಕಾರ್ಮಿಕರ ವಿಚಾರಣೆ ಅಂತ ಅಗಲವಾಯಿತು, ಕೃಷಿ ಕೂಲಿ ಅದರೊಳಗೊಂದು ಪಾಲಾದ. ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕ ಅಂತ ಒಂದು ತಿಂಗಳು ತಿಂಗಳು ಬರುತ್ತೆ, ಕೂಲಿಯವನ ಸಂತೆ ಖರ್ಚು ಎಷ್ಟು ಏರಿತು ಅನ್ನೋದು. ಅದನ್ನು 1986-87 ಅನ್ನು ಬುಡ ಮಾಡಿಕೊಂಡು, 1983ರಲ್ಲಿ ಜನ ಏನೇನಕ್ಕೆ ಖರ್ಚು ಮಾಡ್ತಿದ್ದರು ಅನ್ನೋದರ ಮೇಲೆ, 2025ರವರೆಗೂ ನಡೆಸಿದರು. 1983ರಲ್ಲಿ ಯಾವ ಕೂಲಿಯವನ ಮನೇಲಿ ಮೊಬೈಲ್ ಕರೆನ್ಸಿ ಖರ್ಚಿತ್ತು? ಯಾರು ಮಗಳನ್ನು ಬಸ್ ಚಾರ್ಜು ಕೊಟ್ಟು ಕಾಲೇಜಿಗೆ ಕಳಿಸ್ತಿದ್ದರು? ನಿಮ್ಮಪ್ಪನ ಇವತ್ತಿನ ಸಂತೆಯನ್ನು ನಿಮ್ಮ ತಾತನ ಚೀಲದಲ್ಲಿ ಅಳೆದರು. 2025ರಲ್ಲಿ 2019 ಅನ್ನು ಬುಡ ಮಾಡಿಕೊಂಡ ಹೊಸ ಸೂಚ್ಯಂಕ ಬಂದಿದೆ. ಬಂದದ್ದು ಒಳ್ಳೇದು.

2019ರಲ್ಲಿ ಇನ್ನೊಂದು ಸಮೀಕ್ಷೆ ನಡೆಯಿತು, ಕೃಷಿ ಕುಟುಂಬಗಳ ಸ್ಥಿತಿಗತಿ ನೋಡೋಕೆ. ಕೃಷಿ ಕುಟುಂಬ ಅಂದರೆ ವರ್ಷಕ್ಕೆ 4,000 ರೂಪಾಯಿಗಿಂತ ಹೆಚ್ಚು ಬೆಲೆಯ ಬೆಳೆಯೋ ಹಾಲೋ ಉತ್ಪತ್ತಿ ಮಾಡಬೇಕು, ಮನೇಲಿ ಒಬ್ಬರಾದರೂ ಸ್ವಂತ ಬೇಸಾಯದಲ್ಲಿರಬೇಕು. ಪೂರ್ತಿ ಕೂಲಿಯ ಮನೆ ಕೃಷಿ ಕುಟುಂಬ ಅಲ್ಲ. ಸರಿ, ಹಾಗೆ ಸೋಸಿ ತೆಗೆದವರ ಆದಾಯ ಏನು ಬಂತು? ತಿಂಗಳಿಗೆ ಸರಾಸರಿ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ 3,798. ಕೂಲಿ ಸಂಬಳದಿಂದ 4,063. ಕೂಲಿಯವರನ್ನು ಹೊರಗಿಟ್ಟು ಬರೀ ರೈತರನ್ನೇ ಎಣಿಸಿದರೂ ರೈತನ ಮನೆಯಲ್ಲೇ ಕೂಲಿ ದುಡ್ಡು ಬೆಳೆಯ ದುಡ್ಡಿಗಿಂತ ಮುಂದೆ ನಿಂತಿತು. ಗೌಡರ ಮಗನೂ ಬೆಂಗಳೂರಲ್ಲಿ ಸೆಕ್ಯೂರಿಟಿ ಗಾರ್ಡು ಆಗಿರೋದನ್ನು ನೋಡ್ತಿದ್ದೀರಲ್ಲ.

ಬಾಬಾಸಾಹೇಬರು ಈ ಅಳತೆಯ ವಿಷಯವನ್ನು 1918ರಲ್ಲೇ ಎತ್ತಿದ್ದರು. ಭಾರತದ ಸಣ್ಣ ಹಿಡುವಳಿಗಳ ಮೇಲೆ ಅವರು ಬರೆದ ಲೇಖನವನ್ನು ಇಲ್ಲಿ ಎಷ್ಟು ಜನ ಓದಿದ್ದೀರಿ? ಕೈ ಎತ್ತಿ. (ಮೂವರು ಎತ್ತಿದರು.) ಹಿಡುವಳಿ ಚಿಕ್ಕದು, ಅದಕ್ಕೇ ಬಡತನ ಅಂತ ಎಲ್ಲರೂ ಎಕರೆ ಎಣಿಸ್ತಾ ಕೂತಿದ್ದಾಗ ಅವರು, ಎಕರೆಯಿಂದ ಚಿಕ್ಕದು ದೊಡ್ಡದು ಗೊತ್ತಾಗಲ್ಲ, ಅದರ ಮೇಲೆ ಎಷ್ಟು ಬಂಡವಾಳ ಇದೆ, ಎಷ್ಟು ಎತ್ತು ನೇಗಿಲು ಇದೆ, ಎಷ್ಟು ಜನ ಕೆಲಸವಿಲ್ಲದೆ ಅದರ ಮೇಲೆ ಬಿದ್ದಿದ್ದಾರೆ, ಅದನ್ನು ನೋಡಬೇಕು ಅಂದರು. ಹೆಚ್ಚಾದ ಕೈಗಳಿಗೆ ಕೈಗಾರಿಕೆ ಬೇಕು ಅಂದರು. 1937ರಲ್ಲಿ ಮುಂಬೈ ಶಾಸನಸಭೆಯಲ್ಲಿ ಖೋತಿ ಪದ್ಧತಿ ತೆಗೆಯೋ ಮಸೂದೆ ತಂದರು. 1947ರ ಹೊತ್ತಿಗೆ ಬೇಸಾಯವನ್ನೇ ರಾಜ್ಯದ ಕೈಗಾರಿಕೆ ಮಾಡಿ, ಒಡೆಯನೂ ಇಲ್ಲ, ಗೇಣಿದಾರನೂ ಇಲ್ಲ, ಭೂಹೀನ ಕೂಲಿಯೂ ಇಲ್ಲ ಅನ್ನೋ ಹಾಗೆ ಜಾತಿ ನೋಡದೆ ಊರಿನವರಿಗೆ ಸಾಮೂಹಿಕವಾಗಿ ಕೊಡಬೇಕು ಅಂತ ಬರೆದರು. ಅದು ಆಗಲಿಲ್ಲ.

ಒಬ್ಬ ಹುಡುಗ ಬೆಳಗ್ಗೆಯೇ ನಮ್ಮನ್ನು ಹಿಡಿದು ಕೇಳಿದ, "ಸಾರ್, ನಮಗೆ ಜಮೀನು ಬೇಡ, ನೌಕರಿ ಬೇಕು. ಈ ಪಹಣಿ ಕಟ್ಕೊಂಡು ಏನ್ ಮಾಡೋದು?" ಅವನ ಮಾತು ನ್ಯಾಯವಾಗಿದೆ. ನೀನು ಹೊರಗೆ ಹೋಗು ತಮ್ಮಾ. ಆದರೆ ನೀನು ಪರೀಕ್ಷೆ ಬರೆಯೋ ಹೊತ್ತಿನಲ್ಲಿ ನಿಮ್ಮವ್ವ ಯಾರದೋ ಗದ್ದೆಯಲ್ಲಿ ನಾಟಿ ಹಾಕ್ತಿರ್ತಾಳೆ. ನೀನು ನೌಕರಿ ಹಿಡಿಯೋವರೆಗೆ ಅವಳ ಲೆಕ್ಕ ಯಾರು ಇಡಬೇಕು?

ಹಳೇ ಕಾಲದಲ್ಲಿ ಊರಿನ ಎಲ್ಲೆಕಲ್ಲಿನ ತಕರಾರು ಬಂದರೆ ಕುಳವಾಡಿಯನ್ನು ಕರೀತಿದ್ದರು. ಎಲ್ಲೆ ಯಾವುದು ಅಂತ ಅವನು ನಡೆದು ತೋರಿಸಿದರೆ ಅದೇ ಸಾಕ್ಷಿ. ಇಡೀ ಊರಿನ ನೆಲದ ಗುರುತು ಹೊಲೆಯನ ಕಾಲಿನಲ್ಲಿತ್ತು. ನೆಲ ಮಾತ್ರ ಅವನದಾಗಿರಲಿಲ್ಲ. ಆ ಕೆಲಸ ಈಗ ನೀವು ಮಾಡಬೇಕು. ರಜೆಗೆ ಊರಿಗೆ ಹೋದಾಗ ನಿಮ್ಮ ಕೇರಿಯವರು ದುಡಿಯೋ ಹತ್ತು ಸರ್ವೆ ನಂಬರಿನ ಪಹಣಿ ತೆಗೆಸಿ. ಕಲಂ 9 ಓದಿ, ಕಲಂ 12 ಓದಿ. ಆಮೇಲೆ ಹೊಲಕ್ಕೆ ಹೋಗಿ ನೋಡಿ. ಗಂಡಾಳಿಗೆ ಎಷ್ಟು ಕೂಲಿ, ಹೆಣ್ಣಾಳಿಗೆ ಎಷ್ಟು, ನಾಟಿಗೆ ಎಷ್ಟು, ಕಟಾವಿಗೆ ಎಷ್ಟು, ವರ್ಷದಲ್ಲಿ ಎಷ್ಟು ದಿನ ಸಿಗುತ್ತೆ, ಬರೆದುಕೊಳ್ಳಿ.

ಆದರೆ ಒಂದು ಮಾತು, ನಮ್ಮ ತಪ್ಪಿನಿಂದ ಕಲಿತದ್ದು. ನಾವು ಮೊದಲ ಸಲ ಈ ಕೆಲಸಕ್ಕೆ ಹೋದಾಗ ಉತ್ಸಾಹದಲ್ಲಿ ಚಾವಡಿ ಕಟ್ಟೆಯ ಮೇಲೆ ಕೂತು ಯಾರ ಹೊಲ ಯಾರು ಮಾಡ್ತಾರೆ ಅಂತ ಹೆಸರು ಸಮೇತ ಬರೆದುಕೊಂಡೆವು. ಸುದ್ದಿ ಸಂಜೆಯೊಳಗೆ ಒಡೆಯರಿಗೆ ಮುಟ್ಟಿತು. ಅವರಿಗೆ 1974 ಮರೆತಿಲ್ಲ. ಹೆಸರು ಬರೆಸಿದವನು ನಾಳೆ ಹೊಲ ನಂದು ಅಂತಾನೆ ಅಂತ ಭಯ. ಮುಂದಿನ ಮುಂಗಾರಿಗೆ ಒಬ್ಬನ ಕೈಯಿಂದ ಹೊಲ ಬಿಡಿಸಿ ಇನ್ನೊಬ್ಬನಿಗೆ ಕೊಟ್ಟರು. ಹೊಲ ಕಳಕೊಂಡವನು, ಮೊದಲು ಹೇಳಿದೆವಲ್ಲ, ಪೆನ್ನು ಕಚ್ಚುತ್ತಾ ಕೂತಿದ್ದ ಆ ಗೆಳೆಯನ ಅಪ್ಪ. ಅವರು ನಮ್ಮನ್ನು ಬೈಯಲಿಲ್ಲ. "ಬರ್ಕೊಳೋದು ಬರ್ಕೊಂಡ್ರಿ, ಸದ್ದು ಮಾಡ್ದೆ ಬರ್ಕೋಬಾರ್ದಾಗಿತ್ತಾ" ಅಂದರು ಅಷ್ಟೇ. ಅದಕ್ಕೇ ಹೆಸರು ಬರೀಬೇಡಿ. ಸರ್ವೆ ನಂಬರು ಒಂದು ಪುಸ್ತಕದಲ್ಲಿ, ಸಾಗುವಳಿ ಯಾರದು ಅನ್ನೋದು ಇನ್ನೊಂದರಲ್ಲಿ, ಬರೀ ಗುರುತು ಹಾಕಿ. ಮನೆಯೊಳಗೆ ಕೂತು ಕೇಳಿ. ಅವರು ಬೇಡ ಅಂದರೆ ಬಿಟ್ಟು ಬನ್ನಿ.

ಸದ್ದು ಮಾಡಿಯೇ ಹೇಳಬೇಕಾದ ಜಾಗವೂ ಒಂದಿದೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. 2027ರ ಮಾರ್ಚ್ 1ನ್ನು ಬಹುಪಾಲು ದೇಶಕ್ಕೆ ಆಧಾರ ದಿನವಾಗಿಟ್ಟುಕೊಂಡು, ಜಾತಿಯನ್ನೂ ಕೇಳಿ ಗಣತಿ ಮಾಡೋದು ಅಂತ 2025ರಲ್ಲಿ ತೀರ್ಮಾನವಾಗಿದೆ. ಜನಗಣತಿಯವರು ಇಲ್ಲಿಯವರೆಗೆ ಇಟ್ಟುಕೊಂಡ ವ್ಯಾಖ್ಯೆಯಲ್ಲಿ ಸಾಗುವಳಿದಾರ ಅಂದರೆ ಸ್ವಂತ ಭೂಮಿಯವನು ಮಾತ್ರ ಅಲ್ಲ. ದುಡ್ಡಿಗೋ ಧಾನ್ಯಕ್ಕೋ ಪಾಲಿಗೋ ಬೇರೆಯವರ ಭೂಮಿ ಮಾಡೋನೂ ಸಾಗುವಳಿದಾರನೇ. ಅಲ್ಲಿ ಪಹಣಿ ಕೇಳಲ್ಲ. ಬಂದವರು ಒಡೆಯನ ಹೆಸರನ್ನೂ ಕೇಳಲ್ಲ. ಇದನ್ನು ಮನೆಯವರಿಗೆ ಮೊದಲೇ ಹೇಳಿಕೊಡಿ. ಇನ್ನೊಂದು, ಅವ್ವನ ಕೆಲಸ ಏನು ಅಂತ ಕೇಳಿದರೆ ನಮ್ಮ ಅಪ್ಪಂದಿರು "ಮನೇಲೇ ಇರ್ತಾಳೆ" ಅಂದುಬಿಡ್ತಾರೆ. ಕೃಷಿ ಗಣತಿಯ ಹಿಡುವಳಿಗಳಲ್ಲಿ ಹೆಣ್ಣಿನ ಹೆಸರಿನವು ನೂರಕ್ಕೆ 14 ಮಾತ್ರ. ಪಹಣಿಯಲ್ಲಂತೂ ಇಲ್ಲ, ಇಲ್ಲಾದರೂ ಅವಳ ಕೆಲಸ ಬರೆಸಿ.

ಕೊನೇ ಸಾಲಿನಿಂದ ಒಂದು ಚೀಟಿ ಬಂದಿದೆ. "ನಮ್ಮಪ್ಪ ಅರ್ಧ ವರ್ಷ ವಾರಕ್ಕೆ ಮಾಡ್ತಾರೆ, ಅರ್ಧ ವರ್ಷ ಗಾರೆ ಕೆಲಸ. ಸ್ಕಾಲರ್‌ಷಿಪ್ ಅರ್ಜಿಯಲ್ಲಿ ಏನು ಬರೀಲಿ?" ಎರಡೂ ಬರಿಯಪ್ಪ. ವಾರದ ಬೇಸಾಯ, ಗಾರೆ ಕೂಲಿ. ಕಲಂನಲ್ಲಿ ಜಾಗ ಸಾಲದಿದ್ದರೆ ಅಂಚಿನಲ್ಲಿ ಬರಿ. ಪಹಣಿ ತಾ ಅಂದರೆ, ಉಳೋದು ಅಪ್ಪ, ಪಹಣಿ ಇನ್ನೊಬ್ಬರದು ಅಂತ ಹೇಳು. ಹೊಡೆದುಹಾಕಿದರೆ ಆ ಹಾಳೆ ತೆಗೆದುಕೊಂಡು ನಮ್ಮ ಹತ್ತಿರ ಬಾ, ಒಟ್ಟಿಗೇ ಹೋಗಿ ಕೇಳೋಣ.

ಟೀ ಬಂದಿದೆ. ಯಾರು ಯಾವ ಊರಿನ ಪಹಣಿ ತರ್ತೀರಿ ಅನ್ನೋದನ್ನು ಕುಡೀತಾ ಕುಡೀತಾ ಬರೆದುಕೊಳ್ಳೋಣ. ಜೈ ಭೀಮ್.